ಅವ್ವನ ಪಕ್ಕದ ಜಾಗ

ಅಪ್ಪಾ,

ತೀರಿಕೊಂಡವರ ಕಾರ್ಯ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಆಸ್ತಿಯ ಮಾತು ಎತ್ತುವುದಿಲ್ಲವಲ್ಲ, ಹಾಗಾಗಿ ನಿನ್ನ ಉಯಿಲನ್ನು ವಕೀಲರು ನಿನ್ನೆಯಷ್ಟೇ ಓದಿದರು. ಹೊಲ, ಮನೆ ಹಂಚಿದ ಮೇಲೆ ಕೊನೆಗೆ ಬರೆಸಿದ್ದೀಯ: ರಾರಾವಿಯ ಹೊಲದಲ್ಲಿ ನನ್ನ ಹೆಂಡತಿಯ ಸಮಾಧಿಯ ಪಕ್ಕವೇ ನನ್ನನ್ನೂ ಕೂರಿಸಿ ಮಣ್ಣು ಮಾಡಿರಿ. ಅಷ್ಟೊತ್ತಿಗೆ ನಿನ್ನನ್ನು ಬಳ್ಳಾರಿಯ ರುದ್ರಭೂಮಿಯಲ್ಲಿ ಮಣ್ಣು ಮಾಡಿಯಾಗಿತ್ತು.

ಇವತ್ತು ಹೊಲಕ್ಕೆ ಹೋಗಿದ್ದೆ. ಅವ್ವನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ನೆಲ ಕುಸಿದಿತ್ತು. ಹೊಲ ನೋಡಿಕೊಳ್ಳುವ ಹುಲುಗಮ್ಮನಿಗೆ ನೀನು ಹೋದ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ.

“ನಿಮ್ಮಪ್ಪಾರು ದಿನಾ ಮುಂಜಾನಿ ಬಂದು ಇಲ್ಲೇ ಕುಂದರ್ತಾರ,” ಎಂದಳು. “ಕರಕೊಂಡು ಹೋಗಾಕ ಬಂದೀಯೇನವ್ವ?”

“ಇಲ್ಲ, ಇಲ್ಲೇ ಇರ್ಲಿ,” ಎಂದೆ.

ಆಕೆ ಆ ತಗ್ಗಿನ ಕಡೆ ತಿರುಗಿ, “ಕೇಳಿಸ್ತೇನ್ರಿ? ಮಗಳು ಒಪ್ಯಾಳ,” ಎಂದಳು.