ನಿದ್ದೆಗಣ್ಣಿನ ಹೂಂ

ಬೇಕರಿಯ ಹಿಂದಿನ ಮನೆ,
ಮಾರ್ಚ್ ಹನ್ನೆರಡು, ರಜೆಯ ದಿನ, ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಕಡಿದಾಗಿವೆ, ಮಗುವನ್ನು ಎತ್ತಿಕೊಂಡು ಹತ್ತಿಳಿಯಬೇಡ. ಬಾಣಂತಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವ ಭರದಲ್ಲಿ ನಿನ್ನ ಊಟ ಮರೆಯುತ್ತೀಯ, ನನಗೆ ಗೊತ್ತಿಲ್ಲವೇ? ಫೋನ್ ಮಾಡಿದರೆ ‘ಮಗು ಈಗ ತಾನೇ ಮಲಗಿದೆ, ಇಡ್ತೀನಿ’ ಎಂದು ಪಿಸುಗುಟ್ಟಿ ಇಟ್ಟೇಬಿಡುತ್ತೀಯ. ಅದಕ್ಕೇ ಈ ಕಾಗದ. ಮೊಮ್ಮಗಳಾದರೂ ಹೊಟ್ಟೆ ತುಂಬಾ ಹಾಲು ಕುಡಿದು ಕಣ್ತುಂಬಾ ಮಲಗಲಿ.

ನನಗಂತೂ ನಿದ್ದೆ ಇಲ್ಲ. ನೀನು ಹೋದಾಗಿನಿಂದ ಕಣ್ಣೇ ಮುಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ. ಓವನ್ ಹೊತ್ತಿಸಲು ಏಳಬೇಕಾದ ಹೊತ್ತಿಗೆ ಸರಿಯಾಗಿ ನಿದ್ದೆ ಹತ್ತುತ್ತದೆ, ಹಾಳಾದ್ದು. ನಮ್ಮ ಕೆಲಸ ನಿನಗೆ ಗೊತ್ತೇ ಇದೆ. ಊರೆಲ್ಲ ಟೀವಿ ನೋಡುವಾಗ ನಾವು ಮಲಗಬೇಕು, ಊರೆಲ್ಲ ಮಲಗಿದಾಗ ಹಿಟ್ಟು ನಾದಬೇಕು. ಕಳೆದ ವಾರ ಹಿಟ್ಟಿಗೆ ಯೀಸ್ಟ್ ಹಾಕುವುದನ್ನೇ ಮರೆತೆ. ಇಷ್ಟು ವರ್ಷದ ಕೈ ಇದು! ಬ್ರೆಡ್ಡೆಲ್ಲ ಇಟ್ಟಿಗೆಯ ಹಾಗೆ ಹೊರಗೆ ಬಂತು. ನಾಲ್ಕು ದಿನದ ಹಿಂದೆ ಟ್ರೇ ಎಳೆಯುವಾಗ ಮಣಿಕಟ್ಟು ಸುಟ್ಟುಕೊಂಡೆ. ಗಾಬರಿಯಾಗಬೇಡ, ಒಣಗುತ್ತಿದೆ. ಮಾಲೀಕರು ಬೈಯಲಿಲ್ಲ, ‘ಇನ್ನೊಂದ್ಸಲ ಹೀಗಾದ್ರೆ ಕೌಂಟರಲ್ಲಿ ಕೂತ್ಕೊಳ್ಳಿ, ಓವನ್ ಹತ್ರ ಬೇಡ’ ಎಂದರು. ಬೈದಿದ್ದರೇ ಚೆನ್ನಾಗಿತ್ತು. ಹಿಟ್ಟು ಮುಟ್ಟದೆ, ಯಾರೋ ಸುಟ್ಟ ಬನ್ನಿಗೆ ಪೊಟ್ಟಣ ಕಟ್ಟಿಕೊಂಡು ಕೂರುವುದು ನನ್ನ ಕೈಲಾಗದು ಕಣೇ.

ಗಾಯಕ್ಕೆ ಪಟ್ಟಿ ಕಟ್ಟಿದ ನರ್ಸಮ್ಮ ನನ್ನ ಕೆಂಪು ಕಣ್ಣು ನೋಡಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಊಟವಾದ ಮೇಲೆ ಚಹಾ ಕುಡಿಯಬಾರದಂತೆ. ರಜೆಯಿದ್ದರೂ ಏಳುವ ಹೊತ್ತಿಗೇ ಏಳಬೇಕಂತೆ. ಹಗಲು ತೂಕಡಿಸಬಾರದಂತೆ. ಫೋನ್ ಹಾಸಿಗೆಯ ಹತ್ತಿರವೂ ಸುಳಿಯಬಾರದಂತೆ, ಅದಕ್ಕೇ ಅದನ್ನು ಅಡುಗೆಮನೆಯ ಖಾಲಿ ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟಿದ್ದೇನೆ. ನಿದ್ದೆ ಬಾರದಿದ್ದರೆ ಹೊರಳಾಡುತ್ತಾ ಬಿದ್ದಿರದೆ ಎದ್ದು ಬೇರೆ ಕಡೆ ಕೂರಬೇಕು, ಕಣ್ಣೆಳೆದಾಗ ಮಾತ್ರ ಹೋಗಿ ಮಲಗಬೇಕು. ‘ಹಾಸಿಗೆ ಇರೋದು ಮಲಗೋಕೆ, ಯೋಚನೆ ಮಾಡೋಕಲ್ಲ’ ಎಂದಳು. ಎಲ್ಲ ಮಾಡುತ್ತಿದ್ದೇನೆ. ನಿನ್ನ ಹಳೆಯ ಚಾದರವನ್ನು ಕಿಟಕಿಗೆ ಕಟ್ಟಿ ಬೀದಿದೀಪವನ್ನೂ ಮರೆಮಾಡಿದೆ. ಸ್ವಲ್ಪ ಗುಣ ಕಂಡಿದೆ, ಸುಳ್ಳೇಕೆ ಹೇಳಲಿ. ಆದರೂ ಅಡುಗೆಮನೆಯ ಸ್ಟೂಲಿಗೂ ಹಾಸಿಗೆಗೂ ತಿರುಗಿ ತಿರುಗಿ ಸುಸ್ತಾಗಿದೆ.

ನಿನ್ನೆ ಪಟ್ಟಿ ಬದಲಾಯಿಸುವಾಗ, ಮೊದಲೆಲ್ಲ ನಿದ್ದೆ ಹೇಗೆ ಬರುತ್ತಿತ್ತು ಎಂದು ಕೇಳಿದಳು. ನಮ್ಮವಳು ಮಾತಾಡುತ್ತಿದ್ದಳು, ನಾನು ಹೂಂ ಎನ್ನುತ್ತಾ ಮಲಗುತ್ತಿದ್ದೆ ಎಂದೆ. ಹತ್ತಿ ಕೈಯಲ್ಲಿ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕಳು. ನಗಲಿ ಬಿಡು. ನಲ್ಲಿ ಸೋರುವುದು, ಎದುರುಮನೆಯ ಟೈಲರಮ್ಮನ ಜಂಬ, ತೊಗರಿಬೇಳೆಯಲ್ಲಿ ಬಂದ ಕಲ್ಲು, ನೀನು ಒಂದನ್ನೂ ಬಿಡುತ್ತಿರಲಿಲ್ಲ. ‘ಗೋಡೆಗಾದ್ರೂ ಹೇಳಬಹುದು, ಅದು ಗೊರಕೆ ಹೊಡೆಯಲ್ಲ’ ಎಂದು ನೀನು ರೇಗುತ್ತಿದ್ದೆ. ಆದರೆ ನಿನ್ನ ದನಿ ಕಿವಿಯ ಮೇಲೆ ಬೀಳುತ್ತಿದ್ದರೆ, ಮನೆ ನೋಡಿಕೊಳ್ಳಲು ಒಬ್ಬಳು ಎಚ್ಚರವಿದ್ದಾಳೆ ಎಂದು ನನ್ನ ಮೈ ತಾನಾಗಿಯೇ ಸಡಿಲವಾಗುತ್ತಿತ್ತು.

ನೀನು ಹೊರಟ ದಿನ ನಾನು ಕೆಲಸದಿಂದ ಬಂದಾಗ ದೊಡ್ಡ ಪೆಟ್ಟಿಗೆ ಬಾಗಿಲಲ್ಲಿತ್ತು. ಇಷ್ಟೆಲ್ಲ ಬಟ್ಟೆ ಏಕೆ ಎಂದರೆ ‘ರಾತ್ರಿ ಕೇಳಿದ್ನಲ್ಲ, ಹೂಂ ಅಂದ್ರಲ್ಲ’ ಎಂದು ನೀನು ಮುಖ ತಿರುಗಿಸಿದೆ. ಏನು ಕೇಳಿದ್ದೆ ಎಂದು ಕೇಳದೆ ನಾನು ಪೆಟ್ಟಿಗೆ ಎತ್ತಿ ಬೀದಿಗೆ ತಂದಿಟ್ಟೆ. ಮೊನ್ನೆ ಮಗಳು ಫೋನಿನಲ್ಲಿ ಹೇಳಿದಳು. ಮಗು ನಡೆಯುವ ತನಕ ಅಲ್ಲೇ ಇರುತ್ತೇನೆ, ಆಗಬಹುದಾ ಎಂದು ನೀನು ಕೇಳಿದ್ದೆಯಂತೆ. ‘ನಿಮ್ಮಪ್ಪ ಒಂದೇ ಮಾತಿಗೆ ಒಪ್ಪಿಬಿಟ್ಟರು, ನಾನಿಲ್ಲದಿದ್ರೂ ನಡೆಯುತ್ತೆ ಅವರಿಗೆ’ ಎಂದು ಅಲ್ಲಿ ಕಣ್ಣೀರು ಹಾಕಿದೆಯಂತೆ. ಇರಲಿ, ಮಗಳಿಗೆ ಬೇಕಾದಷ್ಟು ದಿನ ಇದ್ದು ಬಾ. ಇಲ್ಲಿಯದೆಲ್ಲ ಹೇಗೋ ನಡೆಯುತ್ತದೆ.

ಮಗಳಿಗೂ ಮೊಮ್ಮಗಳಿಗೂ ನನ್ನ ಆಶೀರ್ವಾದ. ಅಳಿಯಂದಿರನ್ನು ಕೇಳಿದೆನೆಂದು ಹೇಳು.

ನೀನು ‘ರೀ’ ಎಂದು ಕರೆಯುವ
ನಾನು

ಮರೆತ ಮಾತು: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಹೇಗೋ ನಡೆಯುತ್ತದೆ ಎಂದದ್ದು ಸುಳ್ಳು. ನಡೆಯುತ್ತಿಲ್ಲ. ಆ ರಾತ್ರಿ ನೀನು ಕೇಳಿದ್ದು ನನ್ನ ಕಿವಿಗೆ ಬಿದ್ದೇ ಇಲ್ಲ ಕಣೇ, ಆ ಹೂಂ ನಿದ್ದೆಯದು. ಎಚ್ಚರವಿದ್ದಿದ್ದರೆ ಬೇಡ ಎನ್ನುತ್ತಿದ್ದೆ. ಫೋನನ್ನು ಡಬ್ಬಿಯಿಂದ ತೆಗೆದು ದಿಂಬಿನ ಪಕ್ಕ ಇಟ್ಟುಕೊಂಡಿರುತ್ತೇನೆ, ನರ್ಸಮ್ಮ ಬೈದರೆ ಬೈಯಲಿ. ಸಂಜೆ ಮಗು ಮಲಗಿದ ಮೇಲೆ ಪಿಸುದನಿಯಲ್ಲೇ ಏನಾದರೂ ಹೇಳುತ್ತಿರು. ಏನನ್ನೂ ಕೇಳಬೇಡ, ನಾನು ಯಾವುದಕ್ಕೆ ಹೂಂ ಅನ್ನುತ್ತೇನೋ ನನಗೇ ಗೊತ್ತಿರುವುದಿಲ್ಲ. ಮಗು ನಡೆಯುವ ತನಕ ಕಾಯಬೇಡ. ಕುತ್ತಿಗೆ ನಿಂತ ಕೂಡಲೇ ಬಂದುಬಿಡು.