ಹೂಂ ಅಂದವರು

ಮೋಶಿ, ಪುಣೆ
೧೮ ಅಕ್ಟೋಬರ್ ೨೦೨೪

ಪ್ರೀತಿಯ ದೀಪಕ್ಕನಿಗೆ,

ರಂಜನಾಳ ನಮಸ್ಕಾರ. ಮಗುವಿಗೆ ಹೆಸರಿಟ್ಟು ತಿಂಗಳಾದರೂ ತಂಗಿಯಿಂದ ಒಂದು ಸಾಲೂ ಇಲ್ಲವೆಂದು ಬೈದುಕೊಂಡಿರುತ್ತೀ. ಬೈ, ನನಗೆ ಬರಬೇಕಾದದ್ದೇ. ಫೋನಿನಲ್ಲಿ ಎಲ್ಲ ಆರಾಮ ಎಂದುಬಿಡುವುದು ಸುಲಭ. ಆರಾಮ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂಸಿಗೆ ಕುಂಚಿಗೆ ಹೊಲಿಸಿಟ್ಟಿದ್ದೇನೆ. ಬಣ್ಣ ನೋಡಿ ನಗಬೇಡ, ನಮ್ಮ ಮಾಂತು ಆರಿಸಿದ್ದು.

ನನ್ನ ಕೆಲಸ ಹೋಯಿತು. ಮುಂದಿನ ತಿಂಗಳಿಂದ ಬರುವುದು ಬೇಡವೆಂದರು.

ಚಾಕಣದ ಪ್ರೆಸ್ ಶಾಪುಗಳಲ್ಲಿ ದುಡಿಯುವವರ ಕಿವಿ ಎಷ್ಟು ಹಾಳಾಗಿದೆ ಎಂದು ನೋಡುವ ಕೆಲಸವನ್ನು ಸರಕಾರದ ಇಲಾಖೆಯೊಂದು ನಮ್ಮ ವಿಶ್ವವಿದ್ಯಾಲಯಕ್ಕೆ ಕರಾರಿನ ಮೇಲೆ ಕೊಟ್ಟಿತ್ತಲ್ಲ. ತಗಡು ಒತ್ತುವ ಆ ಯಂತ್ರಗಳ ಮುಂದೆ ನಮ್ಮ ತಮ್ಮನೂ ನಿಲ್ಲುತ್ತಾನೆ. ಆದ್ದರಿಂದ ನಮ್ಮ ಮುಖ್ಯಸ್ಥರಾದ ಪ್ರಲ್ಹಾದ ಸರ್‌ಗೆ ಮೊದಲೇ ಹೇಳಿದ್ದೆ, ಮಾಂತುವಿನ ತಪಾಸಣೆ ಬೇರೆಯವರು ಮಾಡಲಿ ಎಂದು. ಸರ್ ಎಲ್ಲರೆದುರು ಬೆನ್ನು ತಟ್ಟಿ, "ಹಿಂಗಿರಬೇಕು ನೋಡ್ರಿ" ಎಂದಿದ್ದರು.

ಮಂದಿಯನ್ನು ಕರೆತಂದವನು ಮಾಂತುವೇ. ಅಲ್ಲಿ ವಾರದ ರಜೆ ಗುರುವಾರ. ಕಿವಿಗೆ ಒಂದು ದಿನ ವಿಶ್ರಾಂತಿ ಸಿಕ್ಕ ಮೇಲೆಯೇ ಪರೀಕ್ಷಿಸಬೇಕಾದ್ದರಿಂದ, ಶುಕ್ರವಾರ ಬೆಳಿಗ್ಗೆ ಪಾಳಿಗೆ ಮುಂಚೆ ಗೆಳೆಯರನ್ನು ಎಬ್ಬಿಸಿಕೊಂಡು ಬರುತ್ತಿದ್ದ. ವರದಿ ಬಂದರೆ ಯಂತ್ರಗಳಿಗೆ ಸದ್ದು ತಡೆಯುವ ಗೂಡು ಕಟ್ಟಿಸುತ್ತಾರೆ, ಕಿವಿ ಕೆಟ್ಟವರನ್ನು ಬೇರೆ ವಿಭಾಗಕ್ಕೆ ಹಾಕುತ್ತಾರೆ ಎಂದು ನಾನೇ ಅವರಿಗೆ ಆಸೆ ಹಚ್ಚಿದ್ದೆ.

ಫಲಿತಾಂಶ ಭಾಳ ಕೆಟ್ಟದಾಗಿತ್ತು ಅಕ್ಕಾ. ಮಾಂತುವಿನದೂ. ಕರಡು ಮೊದಲು ಇಲಾಖೆಗೆ ಹೋಗಬೇಕೆಂದು ಕರಾರು. ಅಲ್ಲಿಂದ ಒಂದೇ ಮಾತು ಬಂತು: ಗಣೇಶ ಹಬ್ಬದ ಢೋಲು-ತಾಶಾ ಬಡಿತ ಪುಣೆಯಲ್ಲಿ ಕಡಿಮೆಯೇನು? ಈ ಹಾನಿಯಲ್ಲಿ ಅದರ ಪಾಲೆಷ್ಟು? ಪ್ರಶ್ನೆ ತಪ್ಪಲ್ಲ. ಆದರೆ ಮೊದಲೇ ಕೇಳಬೇಕಿತ್ತು, ಎಲ್ಲರನ್ನೂ ಕೇಳಬೇಕಿತ್ತು. ಸರ್ ಕಿವಿ ಕೆಟ್ಟವರನ್ನು ಮಾತ್ರ ಕೇಳಲು ಹೇಳಿದರು. ಪ್ರಣವ ಎಂಬ ಸಂಶೋಧನಾ ವಿದ್ಯಾರ್ಥಿ ಒಬ್ಬೊಬ್ಬರಿಗೂ ಫೋನ್ ಮಾಡಿ, ಢೋಲು ಬಾರಿಸುವ ತಂಡದಲ್ಲಿ ಇದ್ದಿರಾ ಎಂದು ವಿಚಾರಿಸಿದ. ಹೂಂ ಅಂದವರನ್ನು ವರದಿಯಿಂದ ಕೈಬಿಟ್ಟರು. ಹೆಚ್ಚುಕಡಿಮೆ ಎಲ್ಲರೂ ಹೂಂ ಅಂದಿದ್ದರು. ಉಳಿದದ್ದು ಒಳ್ಳೆಯ ಕಿವಿಗಳು. ಕಾರ್ಖಾನೆಯ ಸದ್ದಿನಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ ಎಂದು ಬರೆದು ಮುಗಿಸಿದರು.

"ಸರ್, ಉತ್ತರ ನೋಡಿದ ಮ್ಯಾಲೆ ನಿಯಮ ಮಾಡಿದ್ರ ಅದು ಸಂಶೋಧನೆ ಹೆಂಗಾಗ್ತದ್ರಿ?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಮುಂದಿನ ಕೆಲಸಾನೂ ಇಲಾಖೆ ನಮಗಽ ಕೊಡೂದದ ರಂಜನಾ. ಇಷ್ಟು ಹುಡುಗರ ಫೆಲೋಶಿಪ್ ಅದರಾಗ ನಡೀಬೇಕು. ನಿನ್ನ ತಮ್ಮ ಕೈಬಿಟ್ಟವರಾಗ ಇದ್ದಾನಂತ ನಿನಗ ಹಂಗನಸ್ತದ, ಅಷ್ಟ."

ಬೆನ್ನು ತಟ್ಟಿದ ಮಾತನ್ನೇ ಬಡಿಯುವ ಕೋಲು ಮಾಡಿಕೊಂಡರು. ಆ ಹೊತ್ತು ನನಗೆ ಅಳು ಬರಲಿಲ್ಲ, ಹೇಸಿಗೆ ಬಂತು.

ಸಂಶೋಧನೆಯ ಪ್ರಾಮಾಣಿಕತೆ ಕಾಯಲೆಂದೇ ನಮ್ಮಲ್ಲಿ ಒಂದು ಸಮಿತಿಯಿದೆ. ದೂರು ಕೊಟ್ಟೆ. ಅದರ ಅಧ್ಯಕ್ಷರು ಯಾರು ಹೇಳು? ಅದೇ ಪ್ರಲ್ಹಾದ ಸರ್! ನನ್ನ ದೂರು ಕೇಳುವಷ್ಟು ಹೊತ್ತು ಎದ್ದು ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರಂತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ? ದೂರು ಬಿದ್ದುಹೋಯಿತು. ವರದಿಯಿಂದ ನನ್ನ ಹೆಸರು ತೆಗೆಯಿರಿ ಎಂದೆ, ಕೇಳುವುದನ್ನೇ ಕಾದಿದ್ದವರಂತೆ ತೆಗೆದರು. ಇಲಾಖೆ ವರದಿಯನ್ನು ಒಪ್ಪಿಕೊಂಡಿತು. ಇನ್ನು ಗೂಡೂ ಇಲ್ಲ, ಬೇರೆ ವಿಭಾಗವೂ ಇಲ್ಲ. ಮಾಂತು ಅದೇ ಯಂತ್ರದ ಮುಂದಿದ್ದಾನೆ.

ಅವನ ಮೇಲೂ ಸಿಟ್ಟು ಬಂದಿತ್ತು. "ನೀ ಯಾವಾಗ ಢೋಲು ಬಾರಿಸಿದ್ಯೋ? ಮೆರವಣಿಗೆ ಬಂದ್ರ ಬಾಗಿಲಾ ಹಾಕ್ಕೊಳ್ಳಾಂವ ನೀ!" ಎಂದು ಕೂಗಾಡಿದೆ.

"ಹೋಗ್ಲಿ ಬಿಡಕ್ಕಾ. ಏನೋ ಕೇಳಿದ್ರು, ಹೂಂ ಅಂದೆ" ಎಂದು ತಲೆ ತಗ್ಗಿಸಿ ರೊಟ್ಟಿ ಮುರಿದ.

ಕೆಲಸದ ಸುದ್ದಿ ಅಪ್ಪನಿಗೆ ಈಗಲೇ ಹೇಳಬೇಡ. ನನ್ನ ಹೊಟ್ಟೆಪಾಡು ಹೇಗೋ ನಡೆದೀತು. ಬಾಣಂತಿ ನೀನು, ತಲೆಗೆ ಬಟ್ಟೆ ಕಟ್ಟಿಕೋ, ತಂಡಿಗೆ ಹೊರಗೆ ಬರಬೇಡ. ಕೂಸಿಗೆ ನಮ್ಮೆಲ್ಲರ ಆಯುಷ್ಯ ಸೇರಲಿ, ನಿನ್ನ ಮಡಿಲು ತಣ್ಣಗಿರಲಿ.

ನಿನ್ನ ತಂಗಿ,
ರಂಜನಾ

ತಾ.ಕ.: ಮೊನ್ನೆ ನೀನು ಫೋನಿನಲ್ಲಿ ಕೂಸನ್ನು ನಗಿಸಿ, "ಕೇಳಸ್ತೇನೋ, ಸೋದರಮಾವಾ?" ಎಂದೆ. ಮಾಂತು "ಹೂಂ" ಎಂದ. "ಯಾವಾಗ ಬರ್ತೀ?" ಎಂದೂ ನೀನು ಕೇಳಿದೆ. ಅದಕ್ಕೂ "ಹೂಂ" ಎಂದ. ನೀನು ನಕ್ಕುಬಿಟ್ಟೆ. ಸ್ಪೀಕರ್ ಹಾಕಿತ್ತು, ನಾನು ಎದುರಿಗೇ ಇದ್ದೆ ಅಕ್ಕಾ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ನಾನು ನಕ್ಕರೆ ತಾನೂ ನಗೋಣವೆಂದು. ಎದುರಿಗಿದ್ದರೆ ತುಟಿ ನೋಡಿ ತಿಳಿದುಕೊಳ್ಳುತ್ತಾನೆ; ಫೋನಿನಲ್ಲಿ ಅವನಿಗೆ ದನಿಯಷ್ಟೇ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಪ್ರಣವ ಕೇಳಿದ್ದೂ ತಿಳಿದಿರಲಿಲ್ಲ. ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಿವಿ ಹೋದವರಿಗೆ ಫೋನ್ ಮಾಡಿ ಪ್ರಶ್ನೆ ಕೇಳಿದೆವು. ಕೇಳಿಸಲಿಲ್ಲ ಅನ್ನಲು ನಾಚಿ ಎಲ್ಲರೂ ಹೂಂ ಅಂದರು. ಕಿವಿ ಪರೀಕ್ಷಿಸುವುದನ್ನೇ ಕಲಿತ ನನಗೆ ಇದು ಹೊಳೆಯಲಿಲ್ಲ, ಅವನನ್ನೇ ಬೈದೆ. ಇನ್ನು ಅವನಿಗೆ ಫೋನ್ ಮಾಡಬೇಡ. ಬಾಣಂತನ ಮುಗಿದೊಡನೆ ಕೂಸನ್ನು ಕರೆದುಕೊಂಡು ಬಾ. ಅದು ನಗುವುದನ್ನು ಅವನು ನೋಡಲಿ.