ಗೋಡೆಯಿಲ್ಲದ ಮನೆಗಳ ಜಗಳ

ವಾರೆನ್, ಮಿಶಿಗನ್
ಮಾರ್ಚ್ 14, 2010

ಶ್ರೀಮಾನ್ ಜಯಸಿಂಹ ಅವರೇ,

ನಾನು ಹೀಗೆ ಪೂರ್ತಿ ಹೆಸರು ಹಿಡಿದು ಕರೆದರೆ ಏನರ್ಥ ಎಂದು ಇಷ್ಟು ವರ್ಷ ಸಂಸಾರ ಮಾಡಿದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸುನಾಮಿ ಬಡಿದ ಸಮೋವಾ ದ್ವೀಪಕ್ಕೆ ಮೂರು ವಾರದ ಮಟ್ಟಿಗೆಂದು ಅಕ್ಟೋಬರ್‌ನಲ್ಲಿ ಹೊರಟವರು ನೀವು. ಕಾರು ಕಂಪನಿಯ ಕೆಲಸ ಹೋದ ಮೇಲೆ ಸೋಫಾ ಬಿಟ್ಟು ಏಳದವರು ಎದ್ದಿರಲ್ಲ ಎಂದು ನಾನೂ ಸುಮ್ಮನಿದ್ದೆ. ಈಗ ಮಾರ್ಚ್. ಇಳಾಗೆ ಜ್ವರ ಎಂದು ಬರೆದರೆ ದೀವಿಹಲಸಿನ ಕಂಬಕ್ಕೆ ಹಗ್ಗ ಬಿಗಿಯುವ ಫೋಟೋ ಕಳಿಸುತ್ತೀರಿ. ಅದನ್ನೇನು ಮಗಳ ಹಣೆಗೆ ಪಟ್ಟಿ ಹಾಕಲೇ?

ಇನ್ನು ಮಂಗಳವಾರದ ಕಥೆ. ನಿಮ್ಮನ್ನು ಕಳಿಸಿದ ಓಕ್ ಬ್ರೂಕ್‌ನ ಪರಿಹಾರ ಸಂಸ್ಥೆಯ ಮುಖ್ಯಸ್ಥೆ ಲೀನಾ ಆಂಟಿ ಫೋನ್ ಮಾಡಿದ್ದರು. "ನಿಮ್ಮ ಯಜಮಾನ್ರು ತಗಡಿನ ಮನೆಗಳು ಸರಿಯಾಗಿವೆ ಅಂತ ಸೈನ್ ಹಾಕ್ತಿಲ್ಲ ಸುಹಾಸಿನಿ. ನಮ್ಮ ಆಫೀಸಿಗೆ ಬಂದು ಫೋನಲ್ಲಿ ಸ್ವಲ್ಪ ಬುದ್ಧಿ ಹೇಳಿ." ಹಿಮದಲ್ಲಿ ಮುನ್ನೂರು ಮೈಲಿ ಡ್ರೈವ್ ಮಾಡಿದೆ. ನಿಮ್ಮನ್ನು ವಾಪಸ್ ಕರೆಸಿ ಎಂದು ಕೇಳುವುದೇ ನನ್ನ ಉದ್ದೇಶವಾಗಿತ್ತು.

ಆಂಟಿ ಫೋಟೋ ತೋರಿಸಿದರು. ಹೊಳೆಯುವ ತಗಡಿನ ಮನೆ, ನಾಲ್ಕು ಗೋಡೆ, ಬಾಗಿಲಿಗೆ ಬೀಗ. ಹೊಸ್ತಿಲಲ್ಲಿ ಹುಲ್ಲು ಬೆಳೆದಿದೆ. ಪಕ್ಕದಲ್ಲೇ ಟಾರ್ಪಾಲಿನ್ ಕೆಳಗೆ ಒಬ್ಬ ಅಜ್ಜಿ. "ಇಷ್ಟು ಒಳ್ಳೆ ಮನೆ ಕೊಟ್ರೂ ಒಳಗೆ ಮಲಗಲ್ಲ ಅಂತಾರೆ. ಎಂಥಾ ಜನಾನೋ!" ಅಂದರು ಆಂಟಿ.

ನಿಮ್ಮನ್ನು ಬೈಯಲೆಂದು ಆಂಟಿ ನಿಮಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ನೀವು ಮರ ತರಲು ಗುಡ್ಡಕ್ಕೆ ಹೋಗಿದ್ದಿರಂತೆ. ಫೋನ್ ಎತ್ತಿದ್ದು ಅದೇ ಅಜ್ಜಿ, ಸೀನಾ. ನಾನು ಯಾರೆಂದು ತಿಳಿದು ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು, ನಿನ್ನ ಮನೆಗೆ ಯಾರಾದರೂ ಬಂದರೆ ಹೇಗೆ ಗೊತ್ತಾಗುತ್ತದೆ ಮಗಳೇ ಎಂದು. ಬೆಲ್ ಮಾಡುತ್ತಾರೆ ಅಂದೆ. ಅಜ್ಜಿ ನಕ್ಕು ಹೇಳಿದರು: ನಮ್ಮ ಮನೆಗಳಿಗೆ ಕಂಬ, ಚಾವಣಿ ಅಷ್ಟೇ; ಮಳೆ ಬಂದರೆ ಚಾಪೆ ಇಳಿಬಿಡುತ್ತೇವೆ. ಸಮುದ್ರ ಏರಿ ಬಂದದ್ದು ಕೂತಲ್ಲಿಂದಲೇ ಕಾಣಿಸಿತು, ಮೊಮ್ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿದೆ. ಈ ಡಬ್ಬಿಯೊಳಗಿದ್ದಿದ್ದರೆ ಏನು ಕಾಣುತ್ತಿತ್ತು?

ಫೋನ್ ಇಟ್ಟ ಲೀನಾ ಆಂಟಿ, "ಅದೆಲ್ಲ ಸೆಂಟಿಮೆಂಟು ಬಿಡಿ" ಅಂದರು. ಆಗ ನನ್ನ ತಲೆ ಕೆಟ್ಟಿತು.

"ಆಂಟಿ, ಜುಲೈ ತಿಂಗಳಲ್ಲಿ ಕಾರಿನ ಗ್ಲಾಸ್ ಏರಿಸಿ, ಎಸಿ ಆಫ್ ಮಾಡಿ ಒಂದು ಗಂಟೆ ಒಳಗೆ ಕೂತ್ಕೊಳ್ಳಿ, ತಗಡಿನ ಮನೆಯ ಸೆಕೆ ಏನು ಅಂತ ಗೊತ್ತಾಗುತ್ತೆ. ಆಮೇಲೆ ಸೆಂಟಿಮೆಂಟ್ ವಿಷಯ ಮಾತಾಡೋಣ!"

ನಿಮ್ಮ ಮೇಲೆ ದೂರು ಹೇಳಲು ಹೋದವಳು ನಿಮ್ಮ ಪರವಾಗಿಯೇ ಸಂಜೆಯವರೆಗೆ ಜಗಳವಾಡಿದೆ. ಆ ಸಿಟ್ಟಿಗೆ ದಾರಿಯುದ್ದಕ್ಕೂ ನಿಮ್ಮನ್ನೇ ಬೈದುಕೊಂಡು ಬಂದೆ.

ಕೊನೆಗೆ ಆಂಟಿ ಒಪ್ಪಿದ್ದಾರೆ. ಉಳಿದ ಮನೆಗಳು ಊರಿನವರು ಹೇಳಿದ ಹಾಗೆ, ಎತ್ತರದ ಜಾಗದಲ್ಲಿ, ಅಲ್ಲಿನದೇ ಮರದಲ್ಲಿ ಏಳಲಿ. ಕಡಿದ ಪ್ರತಿ ಮರಕ್ಕೂ ಸಸಿ ನೆಡಬೇಕೆಂಬ ನಿಮ್ಮ ಹಟವೂ ಗೆದ್ದಿದೆ. ಬಿಚ್ಚಿದ ತಗಡು ಮಳೆನೀರು ಹಿಡಿಯಲಿಕ್ಕಂತೆ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಪ್ರತಿ ಭಾನುವಾರ ಮಗಳಿಗೆ ಫೋನ್ ಮಾಡಿ, ಕಂಬದ ವಿಷಯ ಬಿಟ್ಟು ಬೇರೆ ಏನಾದರೂ ಮಾತಾಡಿ.

ಇನ್ನೂ ಸಿಟ್ಟು ಇಳಿಯದ,
ಸುಹಾಸಿನಿ

ಮರೆತ ಮಾತು: ಜೂನ್‌ನಲ್ಲಿ ಇಳಾಳ ಶಾಲೆ ಮುಗಿದ ಕೂಡಲೇ ನಾವಿಬ್ಬರೂ ಅಲ್ಲಿಗೇ ಬರುತ್ತೇವೆ. ಇಷ್ಟುದ್ದ ರಜೆ ಯಾರು ಕೊಟ್ಟರು ಎನ್ನುತ್ತೀರಿ. ಓಕ್ ಬ್ರೂಕ್‌ಗೆ ಹೋಗುವ ಹಿಂದಿನ ಶುಕ್ರವಾರವೇ ನನ್ನನ್ನೂ ಕೆಲಸದಿಂದ ತೆಗೆದಿದ್ದರು. ಯಾರಿಗೂ ಹೇಳಿಲ್ಲ. ಮೊದಲು ನಿಮಗೇ ಹೇಳಬೇಕೆನಿಸಿತು.